ನಾನೂರ ಏಳು ಎಂದ ದ್ವಾರಪಾಲಕ

ಪ್ರಾಕ್ಸಿ ಎಂಬ ಮಾತನ್ನು ಕಾಲೇಜಿನ ದಿನಗಳಲ್ಲಿ ಕೇಳದವರಾರು? ತರಗತಿಗೆ ಬಾರದ ಗೆಳೆಯನ ಹೆಸರು ಕರೆದಾಗ ಹಿಂದಿನ ಬೆಂಚಿನಿಂದ ದನಿ ಬದಲಿಸಿ ಓಗೊಡುವ ಪರೋಪಕಾರಕ್ಕೆ ಆ ಹೆಸರು. ಈ ವಾರ ನಾನು ಹೇಳಹೊರಟಿರುವುದು ಬೇರೊಂದು ಪ್ರಾಕ್ಸಿಯ ವಿಚಾರ. ಇದೂ ಇನ್ನೊಬ್ಬರ ಪರವಾಗಿ ಮಾತನಾಡತಕ್ಕದ್ದೇ. ಆದರೆ ಆ ಇನ್ನೊಬ್ಬರು ಯಾರೆಂಬುದು ಖಚಿತವಾಗದೆ ತುಟಿ ಬಿಚ್ಚುವುದಿಲ್ಲ.

ನನ್ನ ಸೋದರಸೊಸೆ ಒಂದು ವಿದ್ಯಾಸಂಸ್ಥೆಯಲ್ಲಿ ಸಂಶೋಧನ ವಿದ್ಯಾರ್ಥಿನಿ. ಪ್ರೌಢಪ್ರಬಂಧವನ್ನು ಸಲ್ಲಿಸಲು ಅಂದು ಕಡೆಯ ದಿನ. ಸಂಜೆ ಐದು ಗಂಟೆಗೆ ಗಡುವು. ಬೆಳಗ್ಗೆ ಸಂಸ್ಥೆಯ ಕಟ್ಟಳೆಯಂತೆ ತನ್ನ ಗುಪ್ತಪದವನ್ನು (ಪಾಸ್‌ವರ್ಡ್ ಎಂದರೆ ಬೇಗ ತಿಳಿದೀತು) ಬದಲಿಸಿದಳು. ಬ್ರೌಸರಿನಲ್ಲಿ ಹೊಸದನ್ನು ಬರೆದಳು, ಸರಿಹೋಯಿತು. ಅರ್ಧ ಗಂಟೆಯೊಳಗೆ ಖಾತೆಗೆ ಬೀಗ ಬಿತ್ತು. ಕಂಪ್ಯೂಟರ್ ವಿಭಾಗಕ್ಕೆ ಓಡಿದಳು, ಗುರುತಿನ ಚೀಟಿ ತೋರಿಸಿದಳು, ಬೀಗ ತೆಗೆಸಿದಳು. ಕಾಲು ಗಂಟೆಯಲ್ಲಿ ಮತ್ತೆ ಬೀಗ! ಮೂರನೆಯ ಸಲ ಹೋದಾಗ ಅಲ್ಲಿನವರು, “ನಿಮ್ಮ ಗುಪ್ತಪದ ಬೇರೆ ಯಾರಿಗಾದರೂ ಗೊತ್ತೇನಮ್ಮ?” ಎಂದು ಕೇಳಿದರಂತೆ.

ಆ ಒಂದು ಪ್ರಶ್ನೆ ಸಾಲದೆ? ಎರಡು ಗಂಟೆಯ ವೇಳೆಗೆ ನನಗೆ ದೂರವಾಣಿ ಮಾಡಿದಳು. “ಮಾವ, ನನ್ನ ಖಾತೆಗೆ ಯಾರೋ ಕೈ ಹಾಕಿದ್ದಾರೆ. ಯಾರೆಂದೂ ನನಗೆ ಗೊತ್ತು” ಎಂದು ಜತೆಯ ಕೊಠಡಿಯ ಹುಡುಗಿಯ ಹೆಸರು ಹೇಳಿದಳು. ದನಿಯಲ್ಲಿ ಅಳು ತುಂಬಿತ್ತು. ಹೆಚ್ಚು ಕಡಮೆ ಜೀವಮಾನವೆಲ್ಲ ಈ ಯಂತ್ರಗಳ ಸಹವಾಸದಲ್ಲಿ ಕಳೆದಿರುವ ನನಗೆ ಕಳ್ಳನು ಹೊರಗಿಲ್ಲವೆಂದು ತೋರಿತು. “ನಿನ್ನ ಕಂಪ್ಯೂಟರಿನಲ್ಲಿ ಬ್ರೌಸರಲ್ಲದೆ ಬೇರೆ ಯಾವ ತಂತ್ರಾಂಶಗಳು ತೆರೆದಿವೆ?” ಎಂದು ಕೇಳಿದೆ. ಅಂಚೆಯ ತಂತ್ರಾಂಶ ಒಂದು, ಆಕರಗ್ರಂಥಗಳ ಪಟ್ಟಿಯನ್ನು ಇಡುವುದು ಇನ್ನೊಂದು.

ಸಂಗತಿ ಇಷ್ಟೆ. ದೊಡ್ಡ ಸಂಸ್ಥೆಗಳಲ್ಲಿ ಒಳಗಿನ ಕಂಪ್ಯೂಟರು ನೇರವಾಗಿ ಅಂತರಜಾಲಕ್ಕೆ ಹೋಗಲಾರದು. ನಡುವೆ ಪ್ರಾಕ್ಸಿಯೆಂಬ ದ್ವಾರಪಾಲಕನಿರುತ್ತಾನೆ. ತಂತ್ರಾಂಶವು ಪರಿಚಯವಿಲ್ಲದೆ ಬಂದು “ಇಂಥ ಪುಟ ಬೇಕು” ಎಂದರೆ ಆತನು 407 ಎಂಬ ಅಂಕಿಯನ್ನು ಹಿಂದಕ್ಕೆ ಕಳುಹಿಸುತ್ತಾನೆ. 1997ರ ಜನವರಿಯಲ್ಲಿ ಪ್ರಕಟವಾದ ಎಚ್‌ಟಿಟಿಪಿ 1.1ರ ನಿಯಮಾವಳಿಯಲ್ಲಿಯೇ ಈ ಅಂಕಿಯುಂಟು. ಮೊದಲು ನೀನು ಯಾರೆಂದು ನನಗೆ ತಿಳಿಸು ಎಂದು ಇದರ ಅರ್ಥ. 401 ಎಂಬ ಇನ್ನೊಂದು ಅಂಕಿ ಇದರ ದಾಯಾದಿ. ಅದು ಹೋಗಬೇಕಾದ ಮನೆಯ ಯಜಮಾನನ ಮಾತು, ಇದು ಹಾದಿಯ ಬಾಗಿಲವನ ಮಾತು. ಈ ಭೇದವನ್ನರಿಯದ ತಂತ್ರಾಂಶವು ಬಾಗಿಲವನಿಗೆ ಹೇಳಬೇಕಾದ ಗುಟ್ಟನ್ನು ದಾರಿಹೋಕರ ಮನೆಯಲ್ಲಿ ಹೇಳಿ ಬರುವ ಅಪಾಯವೂ ಇಲ್ಲದಿಲ್ಲ.

ತನ್ನ ಗುರುತನ್ನು ಹೇಳಿಕೊಳ್ಳುವ ಬಗೆಗಳೂ ಹಲವು. ಅತ್ಯಂತ ಸರಳವಾದುದು ಬೇಸಿಕ್ ಎಂಬುದು. ಹೆಸರನ್ನೂ ಗುಪ್ತಪದವನ್ನೂ ಸೇರಿಸಿ ಬೇಸ್-64 ಎಂಬ ಲಿಪಿಯಲ್ಲಿ ಬರೆದು ಕಳುಹಿಸುವುದು. ನೋಡುವವರಿಗೆ ಅದು ಗೂಢಲಿಪಿಯಂತೆ ಕಾಣುತ್ತದೆ. ಆದರೆ ಯಾವ ಬೀಗದ ಕೈಯೂ ಇಲ್ಲದೆ ಶಾಲೆಯ ಹುಡುಗನೂ ಅದನ್ನು ಬಿಡಿಸಬಲ್ಲ. ಇದರ ನಿಯಮಾವಳಿಯನ್ನು ಬರೆದ ಪಂಡಿತರು ಉದಾಹರಣೆಗೆ ಬಳಕೆದಾರನ ಹೆಸರನ್ನು ಅಲ್ಲಾದೀನನೆಂದೂ, ಗುಪ್ತಪದವನ್ನು ಅಲಿಬಾಬನ ಗವಿಯ ಬಾಗಿಲು ತೆರೆಯುವ ಮಾತೆಂದೂ ಇಟ್ಟಿದ್ದಾರೆ. ಒಂದು ಕಥೆಯ ನಾಯಕನ ಬಾಯಲ್ಲಿ ಇನ್ನೊಂದು ಕಥೆಯ ಮಂತ್ರ! ಪಂಡಿತರಿಗೂ ವಿನೋದ ಬೇಡವೆ?

ಬೀಗದ ಗುರುತುಳ್ಳ ಸುರಕ್ಷಿತ ತಾಣಗಳಿಗೆ ಹೋಗುವಾಗ ತಂತ್ರಾಂಶವು ಬಾಗಿಲವನನ್ನು “ಒಂದು ಸುರಂಗ ತೆರೆದುಕೊಡು” ಎಂದು ಬೇಡುತ್ತದೆ. ಗುರುತು ಹೇಳಬೇಕಾದುದು ಸುರಂಗ ತೆರೆಯುವುದಕ್ಕೆ ಮುಂಚೆ. ಆದುದರಿಂದ ಒಳಗಿನ ಮಾತೆಲ್ಲ ಗೋಪ್ಯವಾದರೂ, ಅನೇಕ ಕಡೆ ಬಾಗಿಲವನಿಗೆ ಹೇಳಿದ ಗುಪ್ತಪದ ಮಾತ್ರ ಬಯಲಿನಲ್ಲಿಯೇ ಸಾಗಿರುತ್ತದೆ. ಈ ಭಯದಿಂದಲೇ 2016ರ ಅಕ್ಟೋಬರಿನಲ್ಲಿ ಬಂದ ಜಾವಾದ ಆವೃತ್ತಿಯು ಸುರಂಗ ಕೇಳುವಾಗ ಬೇಸಿಕ್ ಪದ್ಧತಿಯನ್ನು ತಾನಾಗಿಯೇ ಬಳಸುವುದನ್ನು ನಿಲ್ಲಿಸಿತು. ನಿನ್ನೆಯವರೆಗೆ ನಡೆಯುತ್ತಿದ್ದ ತಂತ್ರಾಂಶ ಇಂದು ಸುಮ್ಮನೆ ನಿಂತರೆ ಬಳಸುವವನು ಯಾರನ್ನು ಬಯ್ಯಬೇಕು?

ಇದಕ್ಕಿಂತ ಮರ್ಯಾದೆಯ ಮಾರ್ಗ ಕೆರ್ಬರಾಸ್. ಗ್ರೀಕರ ಪುರಾಣದಲ್ಲಿ ಪಾತಾಳದ ಬಾಗಿಲು ಕಾಯುವ ಮೂರು ತಲೆಯ ನಾಯಿಯ ಹೆಸರದು; 1980ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರವಿದ್ಯಾ ಸಂಸ್ಥೆಯಲ್ಲಿ ರೂಪುಗೊಂಡಿತು. ಬೆಳಗ್ಗೆ ಕಂಪ್ಯೂಟರಿಗೆ ಒಮ್ಮೆ ಗುಪ್ತಪದ ಹೇಳಿದರೆ ಆಯಿತು. ಆ ಬಳಿಕ ತಂತ್ರಾಂಶಗಳು ರೈಲಿನ ಟಿಕೆಟಿನಂತೆ ಅವಧಿಯುಳ್ಳ ಚೀಟಿಯನ್ನು ತೋರಿಸಿ ಒಳಗೆ ಹೋಗುತ್ತವೆ, ಗುಪ್ತಪದವನ್ನು ಕೇಳುವುದೇ ಇಲ್ಲ. ಗಡಿಯಾರಗಳು ಮಾತ್ರ ಹೊಂದಿಕೊಂಡಿರಬೇಕು. ಸಾಮಾನ್ಯವಾಗಿ ಐದು ನಿಮಿಷಕ್ಕಿಂತ ಹೆಚ್ಚು ವ್ಯತ್ಯಾಸವಾದರೆ ಚೀಟಿ ಸಲ್ಲದು.

ನನ್ನ ಸೊಸೆಯ ಸಂಸ್ಥೆಯಲ್ಲಿ ಇದ್ದುದು ಬೇಸಿಕ್. ಎರಡು ತಂತ್ರಾಂಶಗಳೂ ಹಳೆಯ ಗುಪ್ತಪದವನ್ನು ಎಂದೋ ಹೊಟ್ಟೆಯಲ್ಲಿಟ್ಟುಕೊಂಡಿದ್ದವು. ಕೆಲವು ನಿಮಿಷಕ್ಕೊಮ್ಮೆ ಹೊಸ ಅಂಚೆ ಬಂದಿದೆಯೇ ಎಂದು ನೋಡಲು ಹೊರಟು, ಹಳೆಯದನ್ನೇ ಒಪ್ಪಿಸಿ, 407 ಎನ್ನಿಸಿಕೊಂಡು, ನಾಚಿಕೆಯಿಲ್ಲದೆ ಮತ್ತೆ ಅದನ್ನೇ ಒಪ್ಪಿಸುತ್ತಿದ್ದವು. ಐದು ಸಲ ತಪ್ಪಿದರೆ ಖಾತೆಗೆ ಬೀಗ ಎಂಬುದು ಅಲ್ಲಿನ ಕಾನೂನು. ಕಳ್ಳನಿಗೆಂದು ಹೂಡಿದ ಬಲೆಗೆ ಮನೆಯವಳೇ ಸಿಕ್ಕಿದ್ದಳು.

ಇಂಥಲ್ಲಿ ದೋಷವೆಲ್ಲ ತಂತ್ರಾಂಶ ಬರೆದವನದು ಎಂಬುದು ನನ್ನ ಅಭಿಪ್ರಾಯ. ಒಮ್ಮೆ ತಿರಸ್ಕೃತವಾದ ಗುಪ್ತಪದವನ್ನು ಮತ್ತೆ ಕಳುಹಿಸದೆ, ಯಾವ ಬಾಗಿಲವನು ಕೇಳುತ್ತಿದ್ದಾನೆಂದು ಹೆಸರು ಸಹಿತ ಹೇಳಿ ಬಳಕೆದಾರನನ್ನು ಕೇಳುವುದು ಕಷ್ಟವೆ? ಬಳಕೆದಾರನು ಬೇಡವೆಂದರೆ ಸುಮ್ಮನಿರುವುದು ಕಷ್ಟವೆ? ವಿಂಡೋಸಿನಲ್ಲಿ ಕ್ರೆಡೆನ್ಶಿಯಲ್ ಮ್ಯಾನೇಜರ್, ಮ್ಯಾಕ್‌ನಲ್ಲಿ ಕೀಚೈನ್ ಎಂಬ ಭದ್ರ ಪೆಟ್ಟಿಗೆಗಳಿರುವಾಗ, ಕೆಲವರು ಗುಪ್ತಪದವನ್ನು ತಮ್ಮದೇ ಕಡತದಲ್ಲಿ ಬಿಡಿಯಾಗಿ ಬರೆದಿಡುವರು. ಅವಳ ಆಕರಗ್ರಂಥದ ತಂತ್ರಾಂಶವು ಹಾಗೆಯೇ ಮಾಡಿತ್ತು. ಅದನ್ನು ಹುಡುಕಿ ಅಳಿಸುವುದಕ್ಕೇ ನಮಗೆ ಒಂದು ಗಂಟೆ ಹಿಡಿಯಿತು. ಅಂಚೆಯದು ಪೆಟ್ಟಿಗೆಯಲ್ಲಿತ್ತು, ಎರಡೇ ನಿಮಿಷದ ಕೆಲಸ.

ನಾಲ್ಕನೆಯ ಸಲ ಬೀಗ ತೆಗೆಸಿದಳು. ಖಾತೆ ನಿಂತಿತು. ಐದಕ್ಕೆ ಇಪ್ಪತ್ತು ನಿಮಿಷವಿರುವಾಗ ಪ್ರೌಢಪ್ರಬಂಧ ಸಲ್ಲಿಕೆಯಾಯಿತು. “ಮಾವ, ನಾನು ಮಧ್ಯಾಹ್ನ ಅವಳೊಡನೆ ಮಾತೇ ಆಡಲಿಲ್ಲ; ಊಟಕ್ಕೆ ಕರೆದರೂ ಹೋಗಲಿಲ್ಲ” ಎಂದಳು. ನಾನು ಏನೂ ಹೇಳಲಿಲ್ಲ. ರಾತ್ರಿ ಎಂಟು ಗಂಟೆಗೆ ಮತ್ತೆ ದೂರವಾಣಿ ಮಾಡಿದಾಗ ಹಿನ್ನೆಲೆಯಲ್ಲಿ ಇನ್ನೊಂದು ಹುಡುಗಿಯ ನಗು ಕೇಳಿಸುತ್ತಿತ್ತು.