ನೆಲ ಕೊಟ್ಟೆವು, ನುಡಿ ಕೊಟ್ಟೆವೇ?

ಬೆಂಗಳೂರು, ಹುಬ್ಬಳ್ಳಿಯ ಕನ್ನಡ ತರುಣರೇ, ಒಮ್ಮೆ ಮುಂಡಗೋಡಿನ ಟಿಬೆಟನ್ ಕ್ಯಾಂಪಿಗೆ ಹೋಗಿ ಬನ್ನಿ.

ತಾಯ್ನಾಡು ಕಳೆದುಕೊಂಡು ಬಂದ ಟಿಬೆಟನ್ನರಿಗೆ 1966ರಲ್ಲಿ ಅಂದಿನ ಮೈಸೂರು ಸರ್ಕಾರ ಇಲ್ಲಿ ಸುಮಾರು 4,000 ಎಕರೆ ಕಾಡುಭೂಮಿ ಕೊಟ್ಟಿತು. ಆಗ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರು. ಬಂದವರು ಕಾಡು ಸವರಿ ಭತ್ತ, ಗೋವಿನಜೋಳ ಬೆಳೆದರು. ಚಳಿಗಾಲದಲ್ಲಿ ಊರೂರು ಸುತ್ತಿ ಸ್ವೆಟರ್ ಮಾರಿದರು.

ಆ ಬೇಸಾಯದ ಕ್ಯಾಂಪು ಇಂದು ಅಂತರರಾಷ್ಟ್ರೀಯ ಊರು! ಡ್ರೆಪುಂಗ್, ಗಾಂಡೆನ್ ಮಠಗಳಲ್ಲಿ ಓದಲು ಮಂಗೋಲಿಯಾದಿಂದಲೂ ಬರುತ್ತಾರೆ. ಇಲ್ಲಿ ಹುಟ್ಟಿದ ಹುಡುಗರು ದುಡಿಯಲು ಅಮೆರಿಕ, ಕೆನಡಾಕ್ಕೆ ಹೋಗುತ್ತಾರೆ. ಆದರೂ ಕ್ಯಾಂಪಿನ ಮನೆಮಾತು, ಮಠದ ಪಾಠ, ಪ್ರಾರ್ಥನೆ ಎಲ್ಲವೂ ಟಿಬೆಟನ್. ನಾಡು ಹೋಯಿತು, ನುಡಿಯನ್ನು ಬಿಡಲಿಲ್ಲ.

ನಮಗೇನು ಕಡಿಮೆ? ನಾಡಿದೆ, ಸರ್ಕಾರವಿದೆ, ವಿಧಾನಸೌಧವಿದೆ. "ನಮ್ಮ ಮಗುವಿಗೆ ಕನ್ನಡ ಓದಲು ಬರೋದಿಲ್ಲ" ಎಂದು ಹೆಮ್ಮೆಯಿಂದ ಹೇಳುವ ತಂದೆ-ತಾಯಿಯರೂ ಇದ್ದಾರೆ! ನಾಚಿಕೆಯಾಗಬೇಡವೇ?

ಟಿಬೆಟನ್ನರನ್ನು ದೂರಬೇಡಿ. ಮುಂಡಗೋಡಿನ ಪೇಟೆಯಲ್ಲಿ ಕನ್ನಡದಲ್ಲೇ ವ್ಯಾಪಾರ ಮಾಡುವವರು ಅವರಲ್ಲಿದ್ದಾರೆ. ಅಂಗಡಿಯವನು, ಹೊಲದ ಆಳು ಕನ್ನಡದಲ್ಲೇ ಮಾತಾಡಿದರೆ ಬಂದವನು ಕಲಿಯುತ್ತಾನೆ. ನಾವೇ ಹಿಂದಿಗೆ ಹೊರಳಿದರೆ ಅವನಿಗೆ ಕಲಿಯುವ ದರ್ದಾದರೂ ಏನು?

ಕ್ಯಾಂಪಿನ ಪ್ರತಿ ಮಗುವಿಗೂ, ಹೊಸದಾಗಿ ಬಂದ ಪ್ರತಿ ಲಾಮಾನಿಗೂ ಕನ್ನಡ ಕಲಿಸುವುದು ಸರ್ಕಾರದ ಹೊಣೆ. ಅದನ್ನು ಒತ್ತಾಯಿಸಿ ಕೇಳೋಣ. ನೆಲ ಕೊಟ್ಟ ನಾಡು ನುಡಿಯನ್ನೂ ಕೊಡಬೇಕು.

ಆದರೆ ಗೆಳೆಯರೇ, ಕೊಡಬೇಕಾದರೆ ಅದು ಮೊದಲು ನಮ್ಮ ನಾಲಗೆಯ ಮೇಲೆ ಇರಬೇಕು. ಬ್ಯಾಂಕಿರಲಿ, ಬಸ್ಸಿರಲಿ, ಹೋಟೆಲಿರಲಿ, ಮೊದಲ ಮಾತು ಕನ್ನಡದಲ್ಲಿರಲಿ. ಇಂದಿನಿಂದಲೇ!