ಸಿಹಿಯೂಟದ ಆಚೆಗೆ

ಅನ್ನದ ಜೊತೆ ವಿದ್ಯೆಯನ್ನೂ ಕೊಡಬೇಕು ಎಂಬುದು ಗದಗಿನ ವೀರೇಶ್ವರ ಪುಣ್ಯಾಶ್ರಮ ನಾಡಿಗೆ ಕಲಿಸಿದ ಪಾಠ. ಸ್ವತಃ ಅಂಧರಾಗಿದ್ದ ಪಂಚಾಕ್ಷರ ಗವಾಯಿಗಳು, 1944ರಲ್ಲಿ ಅವರು ತೀರಿಕೊಂಡ ಬಳಿಕ ಪುಟ್ಟರಾಜ ಗವಾಯಿಗಳು, ಭಕ್ತರ ಕಾಣಿಕೆಯನ್ನೂ ನಾಟಕ ಕಂಪನಿಯ ಗಳಿಕೆಯನ್ನೂ ನೆಚ್ಚಿಕೊಂಡು ಅಂಧ, ಅನಾಥ ಮಕ್ಕಳಿಗೆ ಊಟ, ವಸತಿ, ಸಂಗೀತ ಮೂರನ್ನೂ ಕೊಟ್ಟರು. ಅಲ್ಲಿ ಕಲಿತ ಎಷ್ಟೋ ಮಂದಿ ತಮ್ಮ ಅನ್ನ ತಾವೇ ದುಡಿದುಕೊಂಡರು.

ಇಂದು ದಾರಿ ಇನ್ನೂ ಅಗಲವಾಗಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಅಂಗವಿಕಲರಿಗೆ ಕನಿಷ್ಠ ಶೇ 5ರಷ್ಟು ಸೀಟುಗಳನ್ನು, ಸರ್ಕಾರಿ ಹುದ್ದೆಗಳಲ್ಲಿ ಅಂಧರು ಮತ್ತು ಮಂದದೃಷ್ಟಿಯವರಿಗೆ ಶೇ 1ರಷ್ಟನ್ನು ಮೀಸಲಿಟ್ಟಿದೆ. ಆದರೆ ಶಾಲೆ ಶುರುವಾಗುವ ಹೊತ್ತಿಗೆ ಬ್ರೈಲ್ ಪುಸ್ತಕ ಕೈಸೇರದಿದ್ದರೆ, ಪರೀಕ್ಷೆಗೆ ಬರೆದುಕೊಡುವವರು ಸಿಗದಿದ್ದರೆ ಈ ಹಕ್ಕು ಕಾಗದದ ಮೇಲೇ ಉಳಿಯುತ್ತದೆ.

ಸಕಾಲಕ್ಕೆ ಪುಸ್ತಕ ಒದಗಿಸುವುದು ಸರ್ಕಾರದ ಹೊಣೆ. ಅದನ್ನು ದಾನಿಗಳ ಹೆಗಲಿಗೆ ದಾಟಿಸುವಂತಿಲ್ಲ. ದಾನಿಗಳಿಗೂ ಒಂದು ಮಾತು. ಹುಟ್ಟುಹಬ್ಬದಂದು ಅಂಧರ ಶಾಲೆಯಲ್ಲಿ ಸಿಹಿಯೂಟ ಹಾಕಿಸುವುದು ಒಳ್ಳೆಯದೇ. ಜೊತೆಗೆ ಒಂದು ಪಠ್ಯವನ್ನು ಓದಿ ಧ್ವನಿಮುದ್ರಿಸಿ ಕೊಡಿ, ಒಂದು ಪರೀಕ್ಷೆಗೆ ಲಿಪಿಕಾರರಾಗಿ ಕುಳಿತುಕೊಳ್ಳಿ. ಊಟ ಸಂಜೆಗೆ ಕರಗುತ್ತದೆ. ಓದು ಬದುಕಿನುದ್ದಕ್ಕೂ ಉಣಿಸುತ್ತದೆ.