ಬಾಣಂತಿ ಕೋಣೆಗೆ ಯಾವ ಹೀಟರ್?

ಮಗಳು ಹೆರಿಗೆಗೆ ತವರಿಗೆ ಬಂದಿದ್ದಾಳೆ, ಮೇಲೆ ಚಳಿಗಾಲ. ಕೂಸಿನ ಕೋಣೆ ಬೆಚ್ಚಗಿರಲಿ ಅಂತ ಹೀಟರ್ ತರಲು ಹೊರಟಿದ್ದೀರಾ? ಸ್ವಲ್ಪ ತಡೆಯಿರಿ. ಹುಬ್ಬಳ್ಳಿ ಪೇಟೆಯಲ್ಲಾಗಲಿ, ಶಿರಗುಪ್ಪಿಯ ಎರೆ ಹೊಲದ ಬಯಲಲ್ಲಾಗಲಿ ನಮಗೆ ಚಳಿ ಅಂದರೆ ಡಿಸೆಂಬರ್, ಜನವರಿ. ಅದೂ ರಾತ್ರಿ ಮತ್ತು ಬೆಳಗಿನ ಜಾವ.

ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇಡೋದು ಹಳೇ ರೂಢಿ. ಬೆಳಕಿಂಡಿ ಇದ್ದ ಮಾಳಿಗೆ ಮನೆಯಲ್ಲಿ ಗಾಳಿಗೆ ದಾರಿ ಇತ್ತು. ಕಿಟಕಿ ಮುಚ್ಚಿದ ಆರ್‌ಸಿಸಿ ಕೋಣೆಯಲ್ಲಿ ಅದೇ ಕೆಂಡ ಕಾರ್ಬನ್ ಮೊನಾಕ್ಸೈಡ್ ತುಂಬಿಸುತ್ತದೆ. ವಾಸನೆ ಇಲ್ಲ, ಬಣ್ಣ ಇಲ್ಲ, ಮಲಗಿದವರಿಗೆ ಗೊತ್ತೇ ಆಗೋದಿಲ್ಲ. ಹಿರಿಯರು ಎಷ್ಟೇ ಹೇಳಲಿ, ಇದೊಂದಕ್ಕೆ ಬೇಡ ಅನ್ನಿ.

ಇನ್ನು ಕರೆಂಟಿನ ಹೀಟರ್. ಕೆಂಪಗೆ ಉರಿಯುವ ರಾಡ್, ಹ್ಯಾಲೋಜನ್ ಹೀಟರ್‌ಗಳು ಅಗ್ಗ, ತಕ್ಷಣ ಕಾವು ಕೊಡುತ್ತವೆ. ಆದರೆ ಎದುರಿಗೆ ಕೂತವರಿಗಷ್ಟೇ. ಸೀರೆ ಸೆರಗು, ತೊಟ್ಟಿಲಿನ ಬಟ್ಟೆ ತಾಗಿದರೆ ಬೆಂಕಿಯ ಭಯ. ಕೂಸಿರುವ ಕೋಣೆಗೆ ಇದು ಬೇಡವೇ ಬೇಡ. ಫ್ಯಾನ್ ಹೀಟರ್ ಸಣ್ಣ ಕೋಣೆಯನ್ನು ಬೇಗ ಬಿಸಿ ಮಾಡುತ್ತದೆ. ಸದ್ದು ಮಾಡುತ್ತದೆ, ಧೂಳೆಬ್ಬಿಸುತ್ತದೆ. ಸ್ನಾನಕ್ಕೆ ಮುಂಚೆ ಹತ್ತು ನಿಮಿಷಕ್ಕೆ ಸರಿ. ಎಣ್ಣೆ ತುಂಬಿದ ರೇಡಿಯೇಟರ್ ದುಬಾರಿ, ಭಾರ, ಬಿಸಿಯಾಗಲು ಅರ್ಧ ಗಂಟೆಯಾದರೂ ಬೇಕು. ಆದರೂ ನಮ್ಮ ಮತ ಇದಕ್ಕೇ. ಕಾದ ತಂತಿ ಹೊರಗೆ ಕಾಣುವುದಿಲ್ಲ, ಆರಿಸಿದ ಮೇಲೂ ಸ್ವಲ್ಪ ಹೊತ್ತು ಬಿಸಿ ಇರುತ್ತದೆ.

‘ಇದು ಕರೆಂಟ್ ಉಳಿಸ್ತದ್ರೀ’ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಒಂದು ಯೂನಿಟ್ಟಿಗೆ ಹುಟ್ಟುವ ಶಾಖ ಎಲ್ಲ ಹೀಟರಿನಲ್ಲೂ ಒಂದೇ. 1,500 ವಾಟ್‌ನದು ಬಿಡದೆ ಮೂರು ತಾಸು ಉರಿದರೆ ನಾಲ್ಕೂವರೆ ಯೂನಿಟ್, ತಿಂಗಳಿಗೆ 135. ಈಗ 90 ಯೂನಿಟ್ ಬಳಸುವ ಮನೆ 225ಕ್ಕೆ ಏರಿತು. 2023ರಲ್ಲಿ ಬಂದ ಗೃಹಜ್ಯೋತಿಯಲ್ಲಿ 200 ದಾಟಿದ ತಿಂಗಳು ಪೂರ್ತಿ ಬಿಲ್ ನೀವೇ ಕಟ್ಟಬೇಕು, ನೆನಪಿರಲಿ.

ಆದ್ದರಿಂದ ಮಲಗುವ ಮುಂಚೆ ಒಂದು ತಾಸು ಹಚ್ಚಿ, ಆರಿಸಿ ಮಲಗಿ. ಐಎಸ್‌ಐ ಗುರುತು ನೋಡಿ, 16 ಆಂಪಿಯರ್ ಪ್ಲಗ್ಗಿಗೇ ಸಿಕ್ಕಿಸಿ. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. ತೊಟ್ಟಿಲಿನಿಂದ ಮೂರು ಅಡಿ ದೂರ ಇರಲಿ. ಮೇಲೆ ಲಂಗೋಟಿ ಒಣಗಿಸುವ ಆಸೆ ಬರುತ್ತದೆ, ಒಣಗಿಸಬೇಡಿ. ಕಿಟಕಿ ಬೆರಳಷ್ಟು ತೆರೆದಿರಲಿ. ಕೂಸಿಗೆ ಕುಲಾಯಿ ಹಾಕಿ ತಾಯಿಯ ಎದೆಗೆ ಒತ್ತಿಕೊಂಡರೆ ಎಷ್ಟೋ ರಾತ್ರಿ ಹೀಟರ್ ಹಚ್ಚುವ ಪ್ರಮೇಯವೇ ಬರೋದಿಲ್ಲ.